ಗಾಳಿ ಹೋದ ದಾರಿ

ಶಿವನಸಮುದ್ರದಲ್ಲಿರುವ ನಮ್ಮ ಮನೆಗೆ ನೆಂಟರು ಬರುವುದು ನಮ್ಮನ್ನು ನೋಡುವುದಕ್ಕೆ ಎಂಬ ಭ್ರಮೆ ನನಗೆ ಎಂದೂ ಇಲ್ಲ. ಮಳೆಗಾಲದಲ್ಲಿ ಗಗನಚುಕ್ಕಿ, ಭರಚುಕ್ಕಿ ತುಂಬಿದರೆ ಮನೆಯೂ ತುಂಬುತ್ತದೆ. ಬೇಸಿಗೆಯಲ್ಲಿ ಬಂಡೆ ಕಂಡಿತೋ, ನಾವು ಯಾರಿಗೂ ನೆನಪಾಗುವುದಿಲ್ಲ. ಈ ಸಲ ಅಕ್ಕನ ಮಗ ಬೆಂಗಳೂರಿನಿಂದ ಸೈಕಲ್ ತುಳಿದುಕೊಂಡೇ ಬಂದ. ಬೆಟ್ಟಗುಡ್ಡ ಹತ್ತುವ ಸೈಕಲ್ಲಂತೆ. ಮಡ್‌ಗಾರ್ಡ್ ಇಲ್ಲ, ಕ್ಯಾರಿಯರ್ ಇಲ್ಲ, ಸ್ಟ್ಯಾಂಡ್ ಇಲ್ಲ. ಕೊನೆಗೆ ತಿಳಿಯಿತು, ಚಕ್ರದೊಳಗೆ ಟ್ಯೂಬೂ ಇಲ್ಲ!

“ಅಷ್ಟು ದುಡ್ಡು ಕೊಟ್ಟು ಏನೇನೂ ಇಲ್ಲದ್ದನ್ನು ತಂದೆಯಲ್ಲೋ” ಎಂದೆ.

“ಇದು ಟ್ಯೂಬ್‌ಲೆಸ್ ಚಿಕ್ಕಮ್ಮ. ಟೈರಿನೊಳಗೆ ಹಾಲಿನಂಥ ಸೀಲೆಂಟ್ ಹಾಕಿರ್ತಾರೆ. ಮುಳ್ಳು ಚುಚ್ಚಿದರೂ ಅದೇ ಹೋಗಿ ತೂತು ಮುಚ್ಚುತ್ತೆ. ಪಂಚರ್ ಅನ್ನೋ ಮಾತೇ ಇಲ್ಲ.”

ಬೆಳಿಗ್ಗೆ ಎದ್ದು ನೋಡಿದರೆ ಹಿಂದಿನ ಚಕ್ರ ನೆಲಕ್ಕೆ ಅಂಟಿ ಕೂತಿತ್ತು. ಪಂಪ್ ಹೊಡೆದ. ತಿಂಡಿ ಮುಗಿಸಿ ಬರುವಷ್ಟರಲ್ಲಿ ಮತ್ತೆ ಅದೇ ಅವಸ್ಥೆ. ಪಂಚರ್ ಅಂಗಡಿಯವನು ಚಕ್ರವನ್ನು ತಿರುಗಿಸಿ ತಿರುಗಿಸಿ ನೋಡಿ, “ಟ್ಯೂಬೇ ಇಲ್ಲ ಅಂದ್ಮೇಲೆ ನಾನ್ ಎಲ್ಲಿಗೆ ಪ್ಯಾಚ್ ಹಾಕ್ಲಿ ಮೇಡಂ?” ಎಂದ. ಹುಡುಗನ ಮುಖವೂ ಚಕ್ರದಂತೆಯೇ ಆಯಿತು.

“ಬಾ, ಒಂದು ಬಕೆಟ್ ನೀರು ತೆಗೆದುಕೊ” ಎಂದೆ. “ನಿಮಗೆ ಇದೆಲ್ಲ ಬರುತ್ತಾ?” ಎಂದು ಬೆರಗಾದ. ಬರುತ್ತದೆ. ಹೇಗೆ ಬಂತು ಎಂಬುದನ್ನು ಮಾತ್ರ ಅವನಿಗೆ ಹೇಳಲಿಲ್ಲ.

2006–07ರಲ್ಲಿ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡುವ ಯೋಜನೆ ತಂದಿತು. ಅದಾದ ಎರಡು ಮೂರು ವರ್ಷಕ್ಕೆ ನನ್ನ ತರಗತಿಯ ಹುಡುಗಿಯೊಬ್ಬಳು ಮೇಲಿಂದ ಮೇಲೆ ಶಾಲೆ ತಪ್ಪಿಸತೊಡಗಿದಳು. ಒಂದು ದಿನ ತಡವಾಗಿ ಬಂದವಳನ್ನು ಎಲ್ಲರೆದುರು ನಿಲ್ಲಿಸಿ, “ಸರ್ಕಾರ ಸೈಕಲ್ ಕೊಟ್ಟಿದ್ದು ಊರು ಸುತ್ತೋದಕ್ಕಾ?” ಎಂದು ಬೈದೆ. ಅವಳು ತಲೆ ತಗ್ಗಿಸಿ, “ಪಂಚರ್ ಆಗದೆ ಮಿಸ್” ಎಂದಳು. ಅದನ್ನು ನೆಪವೆಂದುಕೊಂಡೆ. ಮಾರನೆಯ ದಿನದಿಂದ ಅವಳು ಬರಲೇ ಇಲ್ಲ.

ಹತ್ತು ದಿನ ಬಿಟ್ಟು ಅವಳ ಮನೆಗೆ ಹೋದೆ. ಕೊಟ್ಟಿಗೆಯ ಗೋಡೆಗೆ ಒರಗಿಸಿದ್ದ ಸೈಕಲ್ಲಿನ ಸೀಟಿನ ಮೇಲೆ ಕೋಳಿ ಕೂತಿತ್ತು. ಎರಡು ಚಕ್ರದಲ್ಲೂ ಗಾಳಿ ಇರಲಿಲ್ಲ. ಪಂಚರ್ ಹಾಕಿಸಬೇಕಾದರೆ ಮೂರು ಮೈಲಿ ತಳ್ಳಿಕೊಂಡು ಹೋಗಬೇಕು. ಅಪ್ಪನಿಗೆ ಗದ್ದೆ ಕೆಲಸ, ಹುಡುಗಿಯೊಬ್ಬಳನ್ನೇ ಅಷ್ಟು ದೂರ ಕಳಿಸುವಂತಿಲ್ಲ. “ನಡ್ಕಂಡ್ ಓಗಿ ಬೈಸ್ಕಳದ್ಯಾಕೆ, ಓದಿದ್ದು ಸಾಕು ಬುಡಿ ಮಿಸ್” ಎಂದರು ಅವಳ ತಾಯಿ. ಎಷ್ಟು ಹೇಳಿದರೂ ಕೇಳಲಿಲ್ಲ. 1902ರಲ್ಲೇ ನಮ್ಮ ಬ್ಲಫಿನಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟ್ ಹೋಯಿತು ಎಂದು ಪ್ರತಿ ವರ್ಷ ಹೆಮ್ಮೆಯಿಂದ ಪಾಠ ಮಾಡುವವಳು ನಾನು. ಮೂರು ಮೈಲಿ ದೂರದ ಪಂಚರ್ ಅಂಗಡಿ ನನ್ನ ಗಮನಕ್ಕೇ ಬಂದಿರಲಿಲ್ಲ.

ಆಮೇಲೆ ಪಂಚರ್ ಹಾಕುವುದನ್ನು ಕಲಿತೆ. ವಾರಕ್ಕೊಂದು ಆಟದ ಪೀರಿಯಡ್ಡಿನಲ್ಲಿ ಹುಡುಗಿಯರಿಗೂ ಕಲಿಸಿದೆ. ಟ್ಯೂಬ್ ಬಿಚ್ಚಿ ನೀರಿನಲ್ಲಿ ಅದ್ದುವುದು, ಗುಳ್ಳೆ ಎದ್ದ ಕಡೆ ಗುರುತು ಹಾಕಿ, ಒರೆಸಿ, ಉಜ್ಜಿ, ಸಲ್ಯೂಷನ್ ಹಚ್ಚಿ, ಅದು ಸ್ವಲ್ಪ ಆರಿದ ಮೇಲೆ ಪ್ಯಾಚ್ ಒತ್ತುವುದು. ಒಂದು ಗಂಟೆಯ ವಿದ್ಯೆ, ಅಷ್ಟೆ.

ಅಕ್ಕನ ಮಗನ ಸೈಕಲ್ಲಿಗೆ ಅದ್ದಲು ಟ್ಯೂಬೇ ಇಲ್ಲ. ಆದ್ದರಿಂದ ಸೋಪಿನ ನೊರೆ ಮಾಡಿ, ಹಳೇ ಬ್ರಷ್ಷಿನಿಂದ ಟೈರಿನ ಮೈಗೆ, ರಿಮ್ಮಿನ ಅಂಚಿಗೆ, ವಾಲ್ವಿನ ಬುಡಕ್ಕೆ ಹಚ್ಚುತ್ತಾ ಹೋದೆವು. ಟೈರಿನಲ್ಲಿ ಏನೂ ಇಲ್ಲ. ಗುಳ್ಳೆ ಎದ್ದದ್ದು ವಾಲ್ವಿನ ಬುಡದಲ್ಲಿ, ಜೊತೆಗೆ ಕಡ್ಡಿ ಸೇರುವ ಎರಡು ಮೂರು ತೂತುಗಳಲ್ಲಿ. ಹುಡುಗ ವಾಲ್ವಿನ ನಟ್ಟನ್ನು ಕೈಯಲ್ಲೇ ಬಿಗಿ ಮಾಡಿದ, ಗುಳ್ಳೆ ನಿಲ್ಲಲಿಲ್ಲ. ಆ ತೂತುಗಳನ್ನು ಒಳಗಿನಿಂದ ಮುಚ್ಚಲು ರಿಮ್ಮಿನ ಸುತ್ತ ಒಂದು ಟೇಪು ಸುತ್ತಿರುತ್ತಾರಂತೆ. ಟೈರಿನ ಒಂದು ಪಕ್ಕ ಬಿಚ್ಚಿ ನೋಡಿದರೆ ಕಡ್ಡಿಗಳ ಹತ್ತಿರ ಟೇಪು ಸರಿಯಾಗಿಯೇ ಇತ್ತು. ಎದ್ದಿದ್ದದ್ದು ವಾಲ್ವಿನ ಪಕ್ಕದ ಒಂದೇ ಕಡೆ. ಗಾಳಿ ಅಲ್ಲಿ ನುಸುಳಿ, ರಿಮ್ಮಿನ ಪೊಳ್ಳಿನೊಳಗೆಲ್ಲ ಓಡಾಡಿ, ಸಿಕ್ಕ ತೂತಿನಲ್ಲಿ ಹೊರಗೆ ಬರುತ್ತಿತ್ತು. ಸೀಲೆಂಟೂ ಒಣಗಿ ಒಡೆದ ಹಾಲಿನಂತೆ ಉಂಡೆಯಾಗಿತ್ತು. ಕೆಲವು ತಿಂಗಳಿಗೊಮ್ಮೆ ಹೊಸದು ಹಾಕಬೇಕಂತೆ, ಹುಡುಗ ಮರೆತಿದ್ದ.

ಅವನ ಚೀಲದಲ್ಲಿ ಟೇಪೂ ಸೀಲೆಂಟ್ ಬಾಟಲಿಯೂ ಇದ್ದವು. ರಿಮ್ಮನ್ನು ಒರೆಸಿ ಚೆನ್ನಾಗಿ ಒಣಗಿಸಿ, ಟೇಪನ್ನು ಅಂಚಿನಿಂದ ಅಂಚಿಗೆ ಎಳೆದು ಬಿಗಿಯಾಗಿ ಸುತ್ತಿ, ಕೊನೆಯನ್ನು ಮೊದಲಿನ ಮೇಲೆ ನಾಲ್ಕು ಬೆರಳು ಹಾಯಿಸಿದೆವು. ವಾಲ್ವ್ ತೂರುವಷ್ಟೇ ಸಣ್ಣ ತೂತು ಮಾಡಿ, ಹೊಸ ಹಾಲು ಹಾಕಿದೆವು. ಟೈರಿನ ಅಂಚು ರಿಮ್ಮಿಗೆ ಕಚ್ಚಿಕೊಳ್ಳಲು ಒಂದೇ ಸಲಕ್ಕೆ ಜೋರಾಗಿ ಗಾಳಿ ಬೇಕು, ಕೈಪಂಪಿಗೆ ಅದು ಆಗಲಿಲ್ಲ. ಮತ್ತೆ ಅದೇ ಅಂಗಡಿಯ ಕಂಪ್ರೆಸರಿಗೇ ಹೋದೆವು. ಟಪ್ ಟಪ್ ಎಂದು ಅಂಚು ಕೂತಿತು. ಅಂಗಡಿಯವನು, “ನೀವೇ ಒಂದ್ ಅಂಗ್ಡಿ ಮಡಿಕ್ಕಳಿ ಮೇಡಂ” ಎಂದು ನಕ್ಕ.

ಹುಡುಗ ಬೆಂಗಳೂರು ಸೇರಿ ಫೋನ್ ಮಾಡಿದ, “ಗಾಳಿ ಹಾಗೇ ಇದೆ ಚಿಕ್ಕಮ್ಮ.” ಸಂತೋಷವಾಯಿತು. ಸೋಪಿನ ಬಕೆಟ್ಟನ್ನು ತೊಳೆದಿಡುತ್ತಿದ್ದಾಗ ಆ ಕೊಟ್ಟಿಗೆಯ ಸೈಕಲ್ ನೆನಪಾಯಿತು. ಹಾಜರಿ ಪುಸ್ತಕದಲ್ಲಿ ಗುಳ್ಳೆ ಎದ್ದದ್ದನ್ನು ನಾನು ನೋಡಿದ್ದೆ. ಗಾಳಿ ನುಸುಳುತ್ತಿದ್ದದ್ದು ಎಲ್ಲಿ ಎಂದು ಹತ್ತು ದಿನ ಮೊದಲೇ ಹೋಗಿ ನೋಡಿದ್ದರೆ, ಅವಳು ಹತ್ತನೇ ತರಗತಿಯನ್ನಾದರೂ ಮುಗಿಸುತ್ತಿದ್ದಳೇನೋ.