ಪುಣಜನೂರಿನ ಅಂಬಲಿ

ಚಾಮರಾಜನಗರದಿಂದ ಸತ್ಯಮಂಗಲಕ್ಕೆ ಹೋಗುವ ಕಾಡುದಾರಿಯಲ್ಲಿ, ತಮಿಳುನಾಡಿನ ಗಡಿಗೆ ಸಮೀಪವಾಗಿ ಪುಣಜನೂರು ಇದೆ. ಅಲ್ಲಿ ದಣಿವಾರಿಸಿಕೊಳ್ಳಲು ಕುಳಿತ ನಮಗೆ ಒಂದು ಮನೆಯ ಮುದುಕಿಯು ರಾಗಿಯ ಅಂಬಲಿಯನ್ನು ತಂದುಕೊಟ್ಟಳು. ಹಿಂದಿನ ರಾತ್ರಿ ಕಾಸಿ, ಹುಳಿಯೇರಲು ಬಿಟ್ಟು, ಬೆಳಿಗ್ಗೆ ಮಜ್ಜಿಗೆ, ಉಪ್ಪು, ಈರುಳ್ಳಿ ಬೆರೆಸಿದ ಅಂಬಲಿಯದು. ಮೊದಲ ಗುಟುಕಿಗೇ ನಮಗೆ ಲಂಡನ್ ನಗರದ ನೆನಪಾಯಿತೆಂದರೆ ವಾಚಕರು ನಕ್ಕಾರು!

2005ನೆಯ ಇಸವಿಯಲ್ಲಿ ನಾವು ಅಲ್ಲಿ ವಾಸವಾಗಿದ್ದೆವು. ಒಂದು ಸಂಜೆ ಭೋಜನಶಾಲೆಯೊಂದರಲ್ಲಿ ಕಿಂಗ್‌ಫಿಷರ್ ಬಿಯರಿನ ಸೀಸೆಯನ್ನು ಕಂಡು, ಬೆಂಗಳೂರೇ ಎದುರು ಬಂದು ನಿಂತಂತೆ ಹಿಗ್ಗಿದೆವು. 1915ರಲ್ಲಿ ಹುಟ್ಟಿದ ಯುನೈಟೆಡ್ ಬ್ರೂವರೀಸ್ ಸಂಸ್ಥೆಯ ಮುಖ್ಯ ಕಚೇರಿ ನಮ್ಮ ಬೆಂಗಳೂರಿನಲ್ಲಿಯೇ ಇರುವುದಷ್ಟೆ. ಆದರೆ ಸೀಸೆಯ ಚೀಟಿಯನ್ನು ಓದಲಾಗಿ, ಅದು ಆ ಸಂಸ್ಥೆಯ ಅನುಮತಿಯಿಂದ ಇಂಗ್ಲೆಂಡಿನ ಕೆಂಟ್ ಸೀಮೆಯಲ್ಲಿ, ಶೆಫರ್ಡ್ ನೀಮ್ ಎಂಬವರ ಕಾರ್ಖಾನೆಯಲ್ಲಿ ತಯಾರಾದುದೆಂದು ತಿಳಿಯಿತು. ಹೆಸರು ನಮ್ಮೂರಿನದು, ನೀರು ಅವರೂರಿನದು! ಆದರೂ ಆ ಬರಿಯ ಸೀಸೆಯನ್ನು ಬಹುಕಾಲ ಕಿಟಕಿಯಲ್ಲಿಟ್ಟುಕೊಂಡಿದ್ದೆವು.

ಬಿಯರೂ ಹುದುಗಿದ ಧಾನ್ಯದ ಪಾನವೇ: ಅಲ್ಲಿ ಮೊಳೆತ ಬಾರ್ಲಿ, ಇಲ್ಲಿ ರಾಗಿಯ ಹಿಟ್ಟು. ಪುಣಜನೂರಿನ ಲೋಟಕ್ಕೆ ಮಾತ್ರ ಯಾವ ಚೀಟಿಯೂ ಇರಲಿಲ್ಲ.

“ಇನ್ನೊಸಿ ಬುಡ್ಲಾ?” ಎಂದು ಮುದುಕಿ ಕೇಳಿದಳು. ನಮ್ಮ ತಾಯಿಯವರೂ ಹೀಗೆಯೇ ಕೇಳುತ್ತಿದ್ದರು. ನಾವು ಪರದೇಶದಲ್ಲಿದ್ದಾಗಲೇ ಅವರು ತೀರಿಕೊಂಡರು.

ಮಾತಿಲ್ಲದೆ ಲೋಟವನ್ನು ಮುಂದೆ ಚಾಚಿದೆವು.