ನಾಲ್ಕೇ ವೋಲ್ಟು

ಕೊವೆಂಟ್ರಿ, 3 ನವೆಂಬರ್ 2018, ಶನಿವಾರ

ಮಧ್ಯಾಹ್ನ ವರ್ಕ್‌ಶಾಪಿನ ಡಿ. ಬಂದಿದ್ದ, ಕೈಯಲ್ಲೊಂದು ಅಲ್ಯೂಮಿನಿಯಂ ಡಬ್ಬಿ. ಸಿಗರೇಟು ಬಿಟ್ಟು ವೇಪ್ ಹಿಡಿದವನು. ಈಗ ಅಂಗಡಿಯದು ರುಚಿಸುತ್ತಿಲ್ಲ, ತಾನೇ ಕಟ್ಟಿಕೊಳ್ಳಬೇಕಂತೆ. ಒಂದು 18650 ಲಿಥಿಯಂ ಸೆಲ್ಲು, ಒಂದು ಗುಂಡಿ, ಮೇಲೆ ದ್ರವ ಕಾಯಿಸುವ ಒಂದು ಕಾಯಿಲ್. ‘ನಾಲ್ಕೇ ವೋಲ್ಟು, ಮುಟ್ಟಿದರೂ ಜುಮ್ಮೆನ್ನುವುದಿಲ್ಲ’ ಅಂತ ಅವನ ವಾದ.

ವೋಲ್ಟ್ ನೋಡಿ ಧೈರ್ಯ ತಂದುಕೊಳ್ಳುವವರೇ ಎಲ್ಲ. ತುಂಬ ಚಾರ್ಜಾದ ಸೆಲ್ಲು 4.2 ವೋಲ್ಟು, ಅವನ ಕಾಯಿಲ್ 0.5 ಓಮ್. ಭಾಗಿಸಿದರೆ 8.4 ಆಂಪಿಯರ್. ಊರಿನ ಮನೆಯ ಸಾವಿರ ವಾಟಿನ ಇಸ್ತ್ರಿಪೆಟ್ಟಿಗೆ ಎಳೆಯುವುದು ಇದರ ಅರ್ಧದಷ್ಟು. ಕಾಗದದ ಮೇಲೆ ಬರೆದು ತೋರಿಸಿದೆ. ಸುಮ್ಮನಾದ. ಮೇ ತಿಂಗಳಲ್ಲಿ ಫ್ಲೋರಿಡಾದಲ್ಲಿ ವೇಪ್ ಸಿಡಿದು ಒಬ್ಬ ಸತ್ತಿದ್ದನ್ನು ಅವನೂ ಓದಿದ್ದಾನೆ.

6 ನವೆಂಬರ್, ಮಂಗಳವಾರ

ನರಕ ಚತುರ್ದಶಿ. ಬೆಳಿಗ್ಗೆ ಎಣ್ಣೆ ಸ್ನಾನ ಮುಗಿಸಿಯೇ ಕೆಲಸಕ್ಕೆ ಹೋದದ್ದು. ಸಂಜೆ ವೈರಿನ ಲೆಕ್ಕ.

ಡಿ. ಹಳೆಯ ಸ್ಪೀಕರಿನಿಂದ ಕಿತ್ತ 22 ಗೇಜಿನ ವೈರು ತಂದಿದ್ದ. ಡಬ್ಬಿಯೊಳಗೆ ಹೋಗಿಬರುವ ದಾರಿ ಹೆಚ್ಚೆಂದರೆ 20 ಸೆಂ.ಮೀ. ಅಷ್ಟಕ್ಕೆ ಸುಮಾರು 10 ಮಿಲಿಓಮ್. ಮುಕ್ಕಾಲು ವಾಟಿನಷ್ಟು ಕಾವು. ನಡೆಯುವ ಹೊತ್ತಿನಲ್ಲಿ ಅದೇನೂ ಸುಡುವುದಿಲ್ಲ. ಆದರೆ ವೈರನ್ನು ಆರಿಸಬೇಕಾದ್ದು ಎಲ್ಲ ಸರಿಯಿದ್ದಾಗಿನ ಕರೆಂಟಿಗಲ್ಲ, ಎಡವಟ್ಟಾದಾಗಿನದಕ್ಕೆ. ಕಾಯಿಲ್ ಶಾರ್ಟಾದರೆ ಈ ಸೆಲ್ಲು ನೂರು ಆಂಪಿಯರ್ ದಾಟಿ ಕಕ್ಕಬಲ್ಲದು, ಫ್ಯೂಸು ಹೋಗುವವರೆಗಾದರೂ ವೈರು ತಡೆಯಬೇಕು. ಅದಕ್ಕೇ ಇನ್ನೂ ದಪ್ಪನೆಯ 16 ಗೇಜಿನ ಸಿಲಿಕೋನ್ ವೈರು. ಕೂದಲಿನಂಥ 252 ಎಳೆ ಇರುತ್ತವೆ, ಹೇಗೆ ಬೇಕಾದರೂ ಬಾಗುತ್ತೆ, 200 ಡಿಗ್ರಿಯವರೆಗೆ ಮೇಲಿನ ಹೊದಿಕೆ ಕರಗುವುದಿಲ್ಲ. ಸೋಲ್ಡರ್ ಹಚ್ಚುವಾಗ ಪಿವಿಸಿಯಂತೆ ಹಿಂದಕ್ಕೆ ಸುರುಟಿಕೊಳ್ಳುವುದೂ ಇಲ್ಲ.

ಅದಕ್ಕೂ ಒಂದು ಕುಂದಿದೆ. ಕಾವು ತಡೆಯುವ ಸಿಲಿಕೋನ್ ಗೀರು ತಡೆಯುವುದಿಲ್ಲ. ಡ್ರಿಲ್ ಮಾಡಿದ ಅಲ್ಯೂಮಿನಿಯಂ ತೂತಿನ ಅಂಚಿಗೆ ತಾಗಿಸಿ ಒಮ್ಮೆ ಎಳೆದೆ. ಬಾಳೆದಿಂಡಿಗೆ ಚಾಕು ಇಟ್ಟ ಹಾಗೆ ಸೀಳಿ ತಾಮ್ರ ಹೊಳೆಯಿತು. ಲೋಹದ ಡಬ್ಬಿಯಲ್ಲಿ ಅಂಥ ಸೀಳೊಂದೇ ಸಾಕು ಶಾರ್ಟಿಗೆ. ಅಂಚನ್ನು ಅರದಿಂದ ತಿಕ್ಕಿ ರಬ್ಬರ್ ಬಳೆ ತೊಡಿಸಬೇಕು. ಸ್ಪ್ರಿಂಗ್ ಇರುವ ಅಗ್ಗದ ಸೆಲ್ ಹೋಲ್ಡರ್ ಬೇಡವೇ ಬೇಡ: ಸ್ಪ್ರಿಂಗ್ ಕಾದು ಕುಸಿಯುತ್ತೆ.

10 ನವೆಂಬರ್, ಶನಿವಾರ

ಇವತ್ತೆಲ್ಲ ಸ್ವಿಚ್ಚಿನ ಜಗಳ. ಅವನು ತಂದದ್ದು ಚೆಂದದ 16 ಮಿ.ಮೀ. ಸ್ಟೀಲ್ ಗುಂಡಿ. ಮೈಮೇಲೆ ‘3 ಆಂಪಿಯರ್, 250 ವೋಲ್ಟ್ ಎಸಿ’. 250ಕ್ಕೆ ತಡೆಯುವುದು 4ಕ್ಕೆ ತಡೆಯುವುದಿಲ್ಲವೇ ಅಂತ ಕೇಳಿದ. ಇಲ್ಲ. ಕಾಂಟ್ಯಾಕ್ಟನ್ನು ಕಾಯಿಸುವುದು ವೋಲ್ಟಲ್ಲ, ಆಂಪಿಯರ್. 3ರ ಗುಂಡಿಗೆ 8.4 ಹೊರಿಸಿದರೆ ಅದರ ಕತೆ ಮುಗಿಯಿತು. ಜೊತೆಗೆ, ಎಸಿ ಕರೆಂಟು ಸೆಕೆಂಡಿಗೆ ನೂರು ಸಲ ಸೊನ್ನೆಗೆ ಇಳಿಯುತ್ತೆ, ಕಾಂಟ್ಯಾಕ್ಟ್ ಬಿಡಿಸಿಕೊಳ್ಳುವಾಗ ಹಾರುವ ಕಿಡಿಯೂ ಆಗಲೇ ಆರುತ್ತೆ. ಡಿಸಿಗೆ ಆ ಬಿಡುವಿಲ್ಲ. ಆದ್ದರಿಂದ ಡಿಸಿಗೆ ಎಷ್ಟು ಅಂತ ಬರೆದಿಲ್ಲದ ಸ್ವಿಚ್ಚನ್ನು ಇಂಥ ಕಡೆ ನಂಬಬಾರದು. ಇಂಥ ಗುಂಡಿಗೆ 50 ಮಿಲಿಓಮ್ ತಡೆ ಇದ್ದರೂ ಬೆರಳಿನ ಕೆಳಗೇ ಮೂರೂವರೆ ವಾಟು.

ದಾರಿ ಇದೆ: ಗುಂಡಿ ಕರೆಂಟು ಹೊರುವುದೇ ಬೇಡ, ಅಪ್ಪಣೆ ಕೊಡಲಿ ಸಾಕು. ನಡುವೆ ಮಾಸ್‌ಫೆಟ್ ಎಂಬ ಎಲೆಕ್ಟ್ರಾನಿಕ್ ಸ್ವಿಚ್ಚು ಕೂರಿಸಿದರೆ ಗುಂಡಿಯಲ್ಲಿ ಹರಿಯುವುದು 15 ಕಿಲೋಓಮ್ ರೆಸಿಸ್ಟರ್ ಬಿಟ್ಟುಕೊಡುವಷ್ಟು, ಒಂದು ಮಿಲಿಆಂಪಿಯರಿನ ಮೂರನೇ ಒಂದು ಪಾಲೂ ಅಲ್ಲ. ಡಿ.ಯ ಡ್ರಾಯರಿನಲ್ಲಿದ್ದ ಐಆರ್‌ಎಫ್‌ಝಡ್‌44ಎನ್ ಇದಕ್ಕೆ ಆಗಿಬರುವುದಿಲ್ಲ. ನಾಲ್ಕು ವೋಲ್ಟಿಗೆ ಅದು ಅರೆಬರೆ ತೆರೆದು ತಾನೇ ಕಾಯುತ್ತೆ. ಅಷ್ಟಕ್ಕೇ ಪೂರ್ತಿ ತೆರೆಯುವ ಐಆರ್‌ಎಲ್‌ಬಿ3034 ಬೇಕು.

11 ನವೆಂಬರ್, ಭಾನುವಾರ

ಊರಿಂದ ಭಾವನ ಫೋನು. ಬರುವಾಗ ತನಗೂ ಒಂದು ವೇಪ್ ತರಬೇಕಂತೆ. ಕರ್ನಾಟಕದಲ್ಲಿ 2016ರಲ್ಲೇ ಅದನ್ನು ನಿಷೇಧಿಸಿದ್ದಾರೆ, ಆಗುವುದಿಲ್ಲ ಭಾವ ಅಂದೆ. ಅಕ್ಕ ಹಿಂದಿನಿಂದ ನಕ್ಕದ್ದು ಕೇಳಿಸಿತು.

ಡಿ.ಯ ಡಬ್ಬಿ ಮುಗಿಯಿತು. ಸೆಲ್ಲಿನ ಪಾಸಿಟಿವ್ ತುದಿಗೆ ಹತ್ತಿಕೊಂಡೇ ಕಾರಿನ 15 ಆಂಪಿಯರ್ ಫ್ಯೂಸು, ತಳದಲ್ಲಿ ಅನಿಲ ಹೊರಹೋಗಲು ತೂತು. ಆದರೂ ಒಂದು ಮಾತು ಅವನಿಗೆ ಒತ್ತಿ ಹೇಳಿದೆ. ಮಾಸ್‌ಫೆಟ್ ಕೆಟ್ಟರೆ ಹೆಚ್ಚಾಗಿ ಶಾರ್ಟ್ ಆಗಿಯೇ ಕೆಡುತ್ತೆ. ಗುಂಡಿ ಬಿಟ್ಟರೂ ಕಾಯಿಲ್ ಉರಿಯುತ್ತಲೇ ಇರುತ್ತೆ. ಆಗ ಹರಿಯುವುದು ಅದೇ 8.4 ಆಂಪಿಯರ್, 15ರ ಫ್ಯೂಸು ಅಲುಗಾಡುವುದಿಲ್ಲ. ಆದ್ದರಿಂದ ಸೇದಿ ಮುಗಿದ ಮೇಲೆ ಸೆಲ್ಲು ತೆಗೆದಿಡಬೇಕು. 0.2 ಓಮಿನ ಕಾಯಿಲ್ ಹಾಕಿದರೆ 21 ಆಂಪಿಯರ್; ಅವನ ಸೆಲ್ಲಿನ ಮಿತಿ 20. ಅದರ ಆಸೆ ಬಿಡಬೇಕು.

ಮೇಜಿನ ಮೇಲಿನ ಆಟಕ್ಕೆ ಇದು ಸಾಕು. ಜೇಬಿಗೆ ಹಾಕಿಕೊಂಡು ತಿರುಗಲು ಅಂಗಡಿಯದೇ ಸರಿ.