ಒಂಟಿಕಾಲಿನ ವಿದ್ಯೆ

ನಮ್ಮ ಹೈಸ್ಕೂಲಿನ ಗಣಿತದ ಮೇಷ್ಟ್ರಿಗೆ ಕ್ರೀಡಾ ವೈದ್ಯದ ಗಂಧಗಾಳಿಯೂ ಇರಲಿಲ್ಲ. ಲೆಕ್ಕ ತಪ್ಪಿದರೆ ಬಸ್ಕಿ, ಹೋಂವರ್ಕ್ ತರದಿದ್ದರೆ ಬಾಗಿಲಾಚೆ ಒಂಟಿಕಾಲು. ಹಿಂದಿನ ಬೆಂಚಿನ ಪಡೆ ವರ್ಷವಿಡೀ ಜಗಲಿಯ ಮೇಲೆ ಕೊಕ್ಕರೆಗಳ ಹಾಗೆ ಸಾಲಾಗಿ ನಿಂತಿರುತ್ತಿತ್ತು. ಮುಂದಿನ ಬೆಂಚಿನವರಾದ ನಾವು ಒಳಗೆ ಕೂತು ಬೀಜಗಣಿತ ಕಲಿತೆವು.

ಸಂಜೆ ಖೋ-ಖೋ. ಕಂಬ ಹಿಡಿದು ಸರ್ರನೆ ತಿರುಗುವಾಗ ಪಾದ ಒಳಕ್ಕೆ ಮಡಚಿಕೊಂಡು ಕುಸಿಯುತ್ತಿದ್ದವರಲ್ಲಿ ಬುದ್ಧಿವಂತರೇ ಜಾಸ್ತಿ. ಕೊಕ್ಕರೆ ಪಡೆ ಹೇಗೆ ಬಿದ್ದರೂ ಮಣ್ಣು ಕೊಡವಿಕೊಂಡು ಓಡುತ್ತಿತ್ತು. ಮುದ್ದೆ ತಿಂದ ಮೈ, ಅದಕ್ಕೇ ಎಂದುಕೊಂಡೆವು. ಮುದ್ದೆಯನ್ನು ನಾವೂ ತಿನ್ನುತ್ತಿದ್ದೆವು, ಅದು ಬೇರೆ ಮಾತು.

ಕಾಲು ಉಳುಕಿದ ಸುದ್ದಿ ಮನೆಗಿಂತ ಮೊದಲು ಬೀದಿಗೆ ಮುಟ್ಟುತ್ತಿತ್ತು. ಅಜ್ಜಿ ಹುಣಸೆಹಣ್ಣು, ಉಪ್ಪು ಕುದಿಸಿ ಬಿಸಿಬಿಸಿ ಪಟ್ಟು ಹಾಕುವಳು. ಎದುರುಮನೆಯಾತ ‘ನರ ಹೊರಳಿದೆ’ ಎಂದು ತೀರ್ಪಿತ್ತು, ಎಣ್ಣೆ ಸವರಿ, ನಕ್ಷತ್ರ ಕಾಣುವಂತೆ ನೀವುವನು. ಪುತ್ತೂರು ಕಟ್ಟೇ ಆಗಬೇಕೆಂಬ ಪಕ್ಷವೊಂದು ಬಸ್ಸಿನ ವೇಳೆ ವಿಚಾರಿಸುತ್ತಿತ್ತು. ಮೊದಲೆರಡು ದಿನ ಬಿಸಿ ಶಾಖವೂ ನೀವುವುದೂ ಊತವನ್ನು ಹೆಚ್ಚಿಸುತ್ತವೆ ಎನ್ನುತ್ತಾರೆ ಇಂದಿನ ವೈದ್ಯರು. ಇರಬಹುದು, ನಮ್ಮ ಕಾಲು ಕುಂಬಳಕಾಯಿಯಾಗಿದ್ದು ಸುಳ್ಳಲ್ಲ. ಆದರೆ ಒಂದು ಗಿಣ್ಣಿಗಾಗಿ ಇಡೀ ಬೀದಿ ಬನ್ನು, ಬಾಳೆಹಣ್ಣು ಹಿಡಿದು ಬಂದು ಕೂರುತ್ತಿದ್ದ ಭಾಗ್ಯ ಈಗ ಯಾವ ಕ್ಲಿನಿಕ್ಕಿನಲ್ಲಿ ಸಿಕ್ಕೀತು?

ತಂಗಿಯ ಮಗಳೂ ಖೋ-ಖೋ ಆಡುತ್ತಾಳೆ. ಕಳೆದ ಮಳೆಗಾಲ ಅವಳ ಕಾಲು ಹೊರಳಿತು. ‘ಬರೀ ಉಳುಕು ಕಣಣ್ಣ’ ಎಂದಳು ತಂಗಿ. ವೈದ್ಯರು ಹಾಗೆ ಬಿಡಲಿಲ್ಲ. ಬೆಳೆಯುವ ಮಕ್ಕಳ ಮೂಳೆಯ ತುದಿಯಲ್ಲಿ ಮೃದುವಾದ ಬೆಳವಣಿಗೆಯ ಪದರ ಇರುತ್ತದಂತೆ. ಅದು ಅಸ್ಥಿರಜ್ಜುವಿಗಿಂತ ದುರ್ಬಲ. ದೊಡ್ಡವರಿಗೆ ಉಳುಕಾಗುವ ಏಟು ಮಕ್ಕಳಿಗೆ ಅಲ್ಲೇ ಬಿರುಕಾಗಬಹುದು. ನಾಲ್ಕು ಹೆಜ್ಜೆ ಊರಲಾಗದಿದ್ದರೆ, ಗಿಣ್ಣಿನ ಮೂಳೆ ಒತ್ತಿದಾಗ ನೊಂದರೆ, ಎಕ್ಸ್‌ರೇ ಆಗಲೇಬೇಕು. ಪುಣ್ಯಕ್ಕೆ ಮೂಳೆ ನೆಟ್ಟಗಿತ್ತು. ಬಟ್ಟೆ ಸುತ್ತಿದ ಐಸು, ಕ್ರೇಪ್ ಬ್ಯಾಂಡೇಜು, ದಿಂಬಿನ ಮೇಲೆ ಕಾಲು. ನೋವು ಹೋದದ್ದೇ ತಡ, ಹುಡುಗಿ ಮೈದಾನಕ್ಕೆ ಹೊರಟಳು.

ತಡೆದವರು ಫಿಸಿಯೋ. ನೋವು ಹೋದರೆ ಕೀಲು ವಾಸಿಯಾಯಿತು ಎಂದಲ್ಲ, ಒಮ್ಮೆ ಉಳುಕಿದ ಕಾಲೇ ಮತ್ತೆ ಉಳುಕುವುದು ಹೆಚ್ಚು. ಪಾದ ಎಲ್ಲಿ, ಹೇಗೆ ಊರಿದೆ ಎಂದು ಮೆದುಳಿಗೆ ಸುದ್ದಿ ಮುಟ್ಟಿಸುವ ವ್ಯವಸ್ಥೆಯೇ ಮಂಕಾಗಿರುತ್ತದೆ. ಅದನ್ನು ಎಬ್ಬಿಸಲು ಒಂಟಿಕಾಲಲ್ಲಿ ನಿಲ್ಲಬೇಕು, ಆಮೇಲೆ ಕಣ್ಣು ಮುಚ್ಚಿ ನಿಲ್ಲಬೇಕು. ಅದು ಬಂದರೆ ಕುಂಟೋಟ, ನೇರ ಓಟ, ಎಂಟರ ಆಕಾರದ ಓಟ. ಕಂಬ ಕಟ್ಟಕಡೆಗೆ.

‘ಮಾಮ, ಇದು ಟ್ರೀಟ್‌ಮೆಂಟಾ, ಪನಿಷ್‌ಮೆಂಟಾ?’ ಎಂದಳು ಹುಡುಗಿ, ಗೋಡೆಯತ್ತ ವಾಲುತ್ತ.

ಪ್ರಶ್ನೆ ನನ್ನನ್ನು ಓದಿಗೆ ಹಚ್ಚಿತು. ಆಡುವ ಮುಂಚೆ ಇಪ್ಪತ್ತು ನಿಮಿಷ ಮಾಡಬೇಕೆಂದು ಫಿಫಾ ಒಂದು ವ್ಯಾಯಾಮ ಕ್ರಮ ಹೊರಡಿಸಿದೆ, ‘11+’ ಅಂತ. ನಾರ್ವೆಯಲ್ಲಿ 13ರಿಂದ 17 ವಯಸ್ಸಿನ 1,892 ಫುಟ್‌ಬಾಲ್ ಹುಡುಗಿಯರ ಮೇಲೆ ಅದನ್ನು ಪರೀಕ್ಷಿಸಿ 2008ರಲ್ಲಿ ಫಲಿತಾಂಶ ಪ್ರಕಟಿಸಿದರು. ಅದನ್ನು ಮಾಡಿದವರಲ್ಲಿ ಗಂಭೀರ ಗಾಯಗಳು ಸುಮಾರು ಅರ್ಧಕ್ಕಿಳಿದಿದ್ದವು. ಆ ಕ್ರಮದಲ್ಲಿ ಏನೇನಿದೆ ಎಂದು ನೋಡಿದರೆ, ಬಸ್ಕಿ ಇದೆ, ಒಂಟಿಕಾಲು ಇದೆ! ಫಿಫಾ ಇಪ್ಪತ್ತು ನಿಮಿಷಕ್ಕೆ ಬಿಡುತ್ತದೆ. ನಮ್ಮ ಮೇಷ್ಟ್ರು ಗಂಟೆ ಹೊಡೆಯುವ ತನಕ ಬಿಡುತ್ತಿರಲಿಲ್ಲ. (ಶಿಕ್ಷೆಯ ಪರ ವಕಾಲತ್ತಲ್ಲ. ಅವರು ಕಿವಿಯನ್ನೂ ಹಿಂಡುತ್ತಿದ್ದರು, ಅದರಿಂದ ಯಾವ ಕೀಲೂ ಗಟ್ಟಿಯಾಗಿಲ್ಲ.)

ಕೊಕ್ಕರೆ ಪಡೆಯ ನಾಯಕ ಈಗ ತಾಲ್ಲೂಕು ಕೇಂದ್ರದಲ್ಲಿ ದಿನಸಿ ಅಂಗಡಿ ಇಟ್ಟಿದ್ದಾನೆ. ಈ ವಯಸ್ಸಲ್ಲೂ ಅಕ್ಕಿಮೂಟೆ ಹೊತ್ತು ಅಟ್ಟ ಹತ್ತುತ್ತಾನೆ. ನಾನು ಮಳೆಯಲ್ಲಿ ನೆಂದ ಮೆಟ್ಟಿಲನ್ನು ಇಂದಿಗೂ ನಂಬುವುದಿಲ್ಲ. ಫೋನು ಮಾಡಿ ನಾರ್ವೆಯ ಕಥೆಯೆಲ್ಲ ಹೇಳಿದೆ. ಅತ್ತಲಿಂದ ಸ್ವಲ್ಪ ಹೊತ್ತು ತಕ್ಕಡಿಯ ಸದ್ದು ಮಾತ್ರ ಬಂತು.

‘ಥೂ, ಈಗ ಹೇಳ್ತೀಯಲ್ಲೋ’ ಎಂದ. ‘ಮೇಷ್ಟ್ರು ಇದ್ದಾಗ್ಲೇ ಗೊತ್ತಾಗಿದ್ರೆ, ಇವನನ್ನೂ ನಾಕು ದಿನ ಆಚೆ ನಿಲ್ಸಿ ಸಾರ್ ಅಂತ ನಾನೇ ಶಿಫಾರಸು ಮಾಡ್ತಿದ್ದೆ.’